ಹಗೇವಿನ ಮೇಲಿನ ಕಲ್ಲು

ಮೊಮ್ಮಕ್ಕಳೇ, ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಜೋಳ ನೆಲದೊಳಗೆ ಇರುತ್ತಿತ್ತು. ಗುಮ್ಮಘಟ್ಟದ ಕಡೆಯ ನಮ್ಮೂರಿನಲ್ಲಿ ಮನೆಯ ಮುಂದೆಯೇ ಹಗೇವು. ಹಗೇವು ಎಂದರೆ ಕಾಳು ಕೂಡಿಡುವ ಗುಂಡಿ. ಬಾಯಿ ಒಬ್ಬರು ಇಳಿಯುವಷ್ಟು ಮಾತ್ರ, ಹೊಟ್ಟೆ ಒಂದು ಕೋಣೆಯಷ್ಟು. ಒಳಗೆ ಸುತ್ತಲೂ ಒಣಹುಲ್ಲು ಕೊಟ್ಟು, ಜೋಳ ಸುರಿದು, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಿದ್ದರು. ಅದರ ಮೇಲೆಯೇ ನಾವು ಕುಂಟೆಬಿಲ್ಲೆ ಆಡುತ್ತಿದ್ದೆವು.

ಆಗ ಎರಡು ವರ್ಷ ಮಳೆ ಕೈಕೊಟ್ಟಿತ್ತು. ನಮಗೊಬ್ಬರಿಗೇ ಅಲ್ಲ, ದೇಶದ ಎಷ್ಟೋ ಕಡೆ ಹಾಗೇ. ಹೊರದೇಶದಿಂದ ಹಡಗಿನಲ್ಲಿ ಕೆಂಪು ಗೋಧಿ, ಕೆಂಪು ಜೋಳ ಬಂದು ರಾಯದುರ್ಗದ ಡಿಪೋದಲ್ಲಿ ಹಂಚಿಕೆಯಾಗುತ್ತಿತ್ತು. ಸಮುದ್ರವನ್ನೇ ಕಾಣದ ನಾವು 'ಹಡಗು ಬಂತೇನು?' ಎಂದು ಬಸ್ಸಿನ ಬಗ್ಗೆ ಕೇಳಿದ ಹಾಗೆ ಕೇಳುತ್ತಿದ್ದೆವು! ಆ ಜೋಳದ ರೊಟ್ಟಿ ತಟ್ಟಲು ಹೋದರೆ ಅಂಚೆಲ್ಲ ಬಿರಿಯುತ್ತಿತ್ತು. ನಮ್ಮ ಹಗೇವಿನಲ್ಲಿ ಒಳ್ಳೆಯ ಬಿಳಿ ಜೋಳ ಉಳಿದಿತ್ತು, ಆದರೆ ಅದು ಬಿತ್ತನೆಗೆ. ಎಷ್ಟು ಹಸಿದರೂ ಅದನ್ನು ಮುಟ್ಟುವಂತಿರಲಿಲ್ಲ. ಇನ್ನೊಂದು ಭಯವೂ ಇತ್ತು. ಕೂಡಿಟ್ಟ ಕಾಳನ್ನು ಲೆವಿಗೆ, ಅಂದರೆ ಸರ್ಕಾರದ ಪಾಲಿಗೆ ಕೊಡಬೇಕೆಂದು ಹುಕುಂ ಆಗಿತ್ತು. ಕಾಳಿಲ್ಲದ ಊರುಗಳಿಗೆ ಹಂಚಲು ಲೆವಿ ಸಾಹೇಬರು ಜೀಪಿನಲ್ಲಿ ಬಂದು ಒಯ್ಯುತ್ತಿದ್ದರು.

ಕೊನೆಗೂ ಒಂದು ಹದ ಮಳೆ ಬಿತ್ತು. ಅವ್ವ ಬೆಳಿಗ್ಗೆಯೇ ಚೀಲ ಹಿಡಿದು ಡಿಪೋಗೆ ಹೋದಳು. ಅಪ್ಪ ಹಿಂದಿನ ದಿನವೇ ಹಗೇವಿನ ಬಾಯಿ ತೆರೆದು ಕೆಟ್ಟ ಗಾಳಿ ಹೋಗಲು ಬಿಟ್ಟಿದ್ದ. ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಅದು ಆರಲಿಲ್ಲವೆಂದು ನೋಡಿಕೊಂಡ. ತಾನೇ ಇಳಿದರೆ ಅವನನ್ನು ಮೇಲೆಳೆಯಲು ನನಗೂ ಅಕ್ಕನಿಗೂ ಕಸುವು ಸಾಲದು. ಅದಕ್ಕೆ ನನ್ನ ಸೊಂಟಕ್ಕೇ ಹಗ್ಗ ಬಿಗಿದು, ಒಂದು ಬುಟ್ಟಿ ಕೊಟ್ಟು ಇಳಿಸಿದ.

ಒಳಗೆ ಬೆಚ್ಚಗಿತ್ತು. ಹುಳಿ ಹಿಟ್ಟಿನಂಥ ವಾಸನೆ. ಕಾಲಿಟ್ಟರೆ ಜೋಳ ಮೊಣಕಾಲಿನವರೆಗೆ ಎಳೆದುಕೊಳ್ಳುತ್ತಿತ್ತು. ನಾನು ಬುಟ್ಟಿ ತುಂಬಿ ತಲೆ ಎತ್ತಿದೆ. ಅಷ್ಟರಲ್ಲಿ ಜೀಪಿನ ಸದ್ದು ಕೇಳಿತು. ಹಗ್ಗ ಸರಕ್ಕನೆ ನನ್ನ ಮೇಲೆ ಬಿತ್ತು. ಕಲ್ಲು ಎಳೆದ ಸದ್ದು, ಆಮೇಲೆ ಕತ್ತಲೆ.

"ಅಪ್ಪಾ!" ಎಂದು ಕೂಗಿದೆ. ಕೂಗು ಹುಲ್ಲಿಗೆ ತಾಗಿ ಅಲ್ಲೇ ಸತ್ತಿತು. ಏಳಲು ಹೋದರೆ ಜೋಳ ಜಾರಿ ಇನ್ನೂ ಆಳಕ್ಕೆ ಎಳೆಯಿತು. ಕೆಲಸ ನಿಧಾನವಾಯಿತೆಂದು ಅಪ್ಪ ಸಿಟ್ಟಿಗೆದ್ದು ಮುಚ್ಚಿದನೇನೋ ಎಂದು ನನ್ನ ದಡ್ಡ ತಲೆಗೆ ಹೊಳೆಯಿತು. ಬುಟ್ಟಿ ತುಂಬಿತ್ತಲ್ಲ, ಲಂಗದ ಉಡಿಗೆ ಜೋಳ ತುಂಬತೊಡಗಿದೆ. ಬೇಗ ಬೇಗ ತುಂಬಿದರೆ ತೆಗೆಯುತ್ತಾನೆಂದು ಅಳುತ್ತಲೇ ತುಂಬಿದೆ. ಉಸಿರು ಭಾರವಾಯಿತು, ಕಿವಿಯೊಳಗೆ ಏನೋ ಗುಂಯ್ ಎನ್ನುತ್ತಿತ್ತು. ಇಷ್ಟು ವಯಸ್ಸಾದರೂ ಆ ಕತ್ತಲೆ ನನ್ನನ್ನು ಬಿಟ್ಟಿಲ್ಲ.

ಮೇಲೆ ನಡೆದದ್ದನ್ನು ಅಕ್ಕ ಆಮೇಲೆ ಹೇಳಿದಳು. ಅಪ್ಪ ಕಲ್ಲಿನ ಮೇಲೆ ಗೋಣಿ ಹಾಸಿ ಕೂತುಬಿಟ್ಟಿದ್ದನಂತೆ. "ಕಾಳು ಎಲ್ಲೈತ್ರಿ ಸಾಹೇಬ್ರ, ನಾವೂ ಡಿಪೋ ಜೋಳಾನ ತಿಂತೀವ್ರಿ" ಎಂದನಂತೆ. ಸಾಹೇಬರಿಗೆ ಹೊರಡುವ ಆತುರ ಇರಲಿಲ್ಲ. ಬಿಸಿಲಿಗೆ ದಣಿದಿದ್ದರು, ಕಟ್ಟೆಯ ಮೇಲೆ ಕೂತು ನೀರು ಕೇಳಿದರು. ಅಕ್ಕ ಕಲ್ಲಿನ ಕಡೆಯೇ ನೋಡುತ್ತ ಚೊಂಬು ಬಗ್ಗಿಸಿದಳು, ಅರ್ಧ ನೀರು ನೆಲಕ್ಕೆ ಚೆಲ್ಲಿತು. ಅಪ್ಪ ಆ ನೀರನ್ನು ನೋಡಿದ, ಅಕ್ಕನ ಮುಖ ನೋಡಿದ. ಎದ್ದು ತಾನೇ ಕಲ್ಲು ಸರಿಸಿದ.

"ನನ್ನ ಮಗಳು ಒಳಗದಾಳ್ರಿ" ಎಂದ. "ಜೋಳಾನೂ ಐತ್ರಿ."

ಇನ್ನೊಂದು ಹಗ್ಗ ಇಳಿಸಿ ನನ್ನನ್ನು ಮೇಲೆಳೆದಾಗ ಬೆಳಕಿಗೆ ಕಣ್ಣು ಬಿಡಲಾಗಲಿಲ್ಲ. ತಲೆಯ ತುಂಬ ಜೋಳ, ಮೈಯೆಲ್ಲ ಬೆವರು. ಸಾಹೇಬರು ಅಪ್ಪನನ್ನು ಬಾಯಿಗೆ ಬಂದಂತೆ ಬೈದರು. ಬೀಜಕ್ಕೆ ಇಟ್ಟದ್ದೆಂದು ಅಪ್ಪ ಕೈಮುಗಿದ. "ಬ್ಯಾರೆ ಊರಾಗೂ ಮಕ್ಕಳದಾವಪ್ಪ, ಅವೂ ಉಣಬೇಕಲ್ಲ" ಎಂದರು ಅವರು. ಅವರ ಜನ ಹಗೇವು ಬರಿದು ಮಾಡಿ ಚೀಲಗಳನ್ನು ಜೀಪಿಗೆ ಏರಿಸಿದರು. ಆಗ ಒಬ್ಬ ನನ್ನ ಉಡಿಗೆ ಕೈ ಚಾಚಿದ. ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಸಾಹೇಬರು ನನ್ನನ್ನು ನೋಡಿ, "ಅದು ಇರ್ಲಿ ಬಿಡು" ಎಂದು ಜೀಪು ಹತ್ತಿದರು.

ಸಂಜೆ ಅವ್ವ ಬರಿ ಚೀಲ ಹಿಡಿದು ಬಂದಳು. ಹಡಗು ಬಂದಿರಲಿಲ್ಲವಂತೆ. ಆ ರಾತ್ರಿ ನಾವು ನೀರು ಕುಡಿದು ಮಲಗಿದೆವು.

ಜೋಳಕ್ಕೆ ಬೀಜ ಕಡಿಮೆ ಸಾಕು. ನನ್ನ ಉಡಿಯ ಜೋಳ ಅರ್ಧ ಎಕರೆಗೆ ಆಯಿತು, ಉಳಿದ ಹೊಲ ಆ ವರ್ಷ ಬೀಳು ಬಿತ್ತು. ಅಪ್ಪ ಆ ದಿನದ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಆದರೆ ಅವನು ಇರುವವರೆಗೂ ನಾನು ಮಲಗಿದ ಕೋಣೆಯ ಬಾಗಿಲು ಹಾಕಲು ಯಾರಿಗೂ ಬಿಡಲಿಲ್ಲ. ನೀವು ಬಾಗಿಲು ಹಾಕಿಕೊಂಡು ಫೋನು ಹಿಡಿದು ಕೂತಾಗ ನಾನು ಬಂದು ತೆಗೆದು ಹೋಗುತ್ತೇನಲ್ಲ, ನಿಮ್ಮ ಮೇಲೆ ಕಾವಲಿಗೆ ಅಲ್ಲ ಮಾರಾಯರೇ, ಆ ಅಭ್ಯಾಸಕ್ಕೆ.

ಈಗ ನಿಮಗೆ ಹಿಟ್ಟು ಪಾಕೀಟಿನಲ್ಲಿ ಬರುತ್ತದೆ. ಹಗೇವಿಗೆ ಮಣ್ಣು ತುಂಬಿ ಎಷ್ಟೋ ವರ್ಷವಾಯಿತು, ಅಲ್ಲಿ ನಿಮ್ಮಪ್ಪನ ಬೈಕು ನಿಲ್ಲುತ್ತದೆ. ಮೊನ್ನೆ ಊಟಕ್ಕೆ ಕೂತಾಗ ನೀವು ಒಂದು ಸುದ್ದಿ ಓದಿದಿರಿ. ಎಲ್ಲೋ ದೂರದ ದೇಶದಲ್ಲಿ ಮಳೆ ಇಲ್ಲವಂತೆ, ಅವರು ಗೋಧಿಯನ್ನು ಹೊರಗೆ ಮಾರುವುದು ನಿಲ್ಲಿಸಿದರಂತೆ, ಅದನ್ನೇ ನಂಬಿದ್ದ ಬೇರೆ ದೇಶಗಳಲ್ಲಿ ರೊಟ್ಟಿ ತುಟ್ಟಿಯಂತೆ. "ಅವರದು ಅವರು ಇಟ್ಕೊಂಡ್ರ ತಪ್ಪೇನಜ್ಜಿ?" ಎಂದು ನಿಮ್ಮಲ್ಲಿ ಚಿಕ್ಕವಳು ಕೇಳಿದಳು. ಆಗ ನಿಮಗೆ ರೊಟ್ಟಿ ಬಡಿಸಿ ಎದ್ದುಬಿಟ್ಟೆ. ಈಗ ಹೇಳುತ್ತೇನೆ. ಅಪ್ಪ ಕೆಟ್ಟವನಲ್ಲ, ಹೆದರಿದ್ದ. ಅವರೂ ಹೆದರಿದ್ದಾರು. ಆದರೆ ಕಲ್ಲಿನ ಮೇಲೆ ಕೂತವರಿಗೆ ಒಳಗಿನಿಂದ ಕೂಗಿದ್ದು ಕೇಳಿಸುವುದಿಲ್ಲ, ಮಗಳೇ. ನಾನು ತುಂಬಾ ಜೋರಾಗಿ ಕೂಗಿದ್ದೆ.