ಕುಂಕುಮ ಹಚ್ಚಿದ ಜಾಯ್‌ಸ್ಟಿಕ್

ಬೆಳಿಗ್ಗೆ ಪಕ್ಕದ ಮನೆಯವರು ಸ್ಕೂಟರಿಗೆ ಕುಂಕುಮ ಹಚ್ಚುವುದನ್ನು ಕಂಡು ಅಮ್ಮ ಬಾಗಿಲು ಹಾಕಿಕೊಂಡಳು.

ಅಪ್ಪನ ಕೆಲಸಕ್ಕಾಗಿ ದೂರದ ಚಾಂದ್‌ಖೇಡಾದ ಕ್ವಾರ್ಟರ್ಸಿನಲ್ಲಿದ್ದಾಗ ಅಣ್ಣನಿಗೆ ಒಂದು ವಿಡಿಯೋ ಗೇಮಿನ ಹುಚ್ಚು. ಪಾಳುಬಿದ್ದ ಇಗರ್ಜಿ, ಅದರ ತುಂಬ ದೆವ್ವಗಳು, ಕೈಯಲ್ಲಿ ಉದ್ದನೆಯ ಕತ್ತಿ. ಅದನ್ನು ಬೀಸುವ ಸೊಗಸೇ ಸೊಗಸು. ಆದರೆ ಆಟದ ಹಾಳು ಕ್ಯಾಮೆರಾ ಬೆನ್ನ ಹಿಂದೆ ಬಂದದ್ದನ್ನು ತೋರಿಸುತ್ತಲೇ ಇರಲಿಲ್ಲ. ಗುರುಗುಟ್ಟುವ ಸದ್ದು ಕೇಳಿದ ಕೂಡಲೇ "ಅಣ್ಣಾ, ಹಿಂದೆ!" ಎಂದು ಕಿರುಚುವುದು ನನ್ನ ಕೆಲಸ.

ಆ ವರ್ಷದ ಆಯುಧಪೂಜೆಗೆ ಅಮ್ಮ ಅಪ್ಪನ ಸ್ಪ್ಯಾನರುಗಳ ಪಕ್ಕ ಜಾಯ್‌ಸ್ಟಿಕ್ಕನ್ನೂ ಇಟ್ಟು ಕುಂಕುಮ ಹಚ್ಚಿದಳು. "ಪೂಜೆಗಿಟ್ಟಿದ್ದು, ಇವತ್ತು ಮುಟ್ಟಬಾರ್ದು ಕಣೋ" ಎಂದಳು. ಮುನಿಸಿಕೊಂಡ ಅಣ್ಣ ಒಬ್ಬನೇ ಹೈವೇ ಕಡೆ ನಡೆದ. ಲಾರಿ ಬಂದದ್ದು ಹಿಂದಿನಿಂದ. ಅಣ್ಣ ಮನೆಗೆ ಬರಲೇ ಇಲ್ಲ.

ಇಷ್ಟು ವರ್ಷವಾದರೂ ಅಮ್ಮ ಕೇಳುವುದು ಅದೊಂದನ್ನೇ. ಇವತ್ತೂ ಕೇಳಿದಳು: "ಆಡ್ಕೋ ಹೋಗು ಅಂದಿದ್ರೆ ನನ್ನ ಗಂಟೇನು ಹೋಗ್ತಿತ್ತೋ?"