ಹಗ್ಗ ಹಿಡಿದ ಸಂಜೆ

ಮಂಗಳೂರಿನಲ್ಲಿ ಚಳಿಗಾಲ ಎಂದರೆ ಫ್ಯಾನನ್ನು ನಾಲ್ಕರಿಂದ ಎರಡಕ್ಕೆ ಇಳಿಸುವ ಕಾಲ. ಹುಟ್ಟಿದಾಗಿನಿಂದ ಇದು ನನಗೆ ಗೊತ್ತು. ಆದರೂ ಆ ವರ್ಷ ಉಳ್ಳಾಲದ ಅಂಗಡಿಯವರು ಒಟ್ಟಾಗಿ, ಕಡಲ ಕಿನಾರೆಯಲ್ಲಿ ಸಾರ್ವಜನಿಕರಿಗಾಗಿ ಎರಡು ಚಳಿಗಾಲದ ಸಂಜೆಗಳನ್ನು ರೂಪಿಸಿಕೊಡು ಎಂದಾಗ, ಕಾರ್ಯಕ್ರಮ ಏರ್ಪಡಿಸಿಕೊಡುವ ನಾನು ಕೊಡಿಯಾಲ್‌ಬೈಲಿನ ನನ್ನ ಪುಟ್ಟ ಆಫೀಸಿನಲ್ಲಿ ಕೂತು ಹಿಮ ಬೀಳುವ ಊರುಗಳ ಫೋಟೋ ನೋಡಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಆ ಜಾತಿ ನಾನು.

ಮೊದಲ ಭಾನುವಾರ ಮರಳಿನ ಮೇಲೆ ಆರು ಕಡೆ ಬೆಂಕಿ ಹಾಕಿಸಿದೆ. ಬಂದವರಿಗೆಲ್ಲ ಬಾಡಿಗೆ ಕಂಬಳಿ ಹಂಚಿದೆ. ಜನ ಬೆಂಕಿಯಿಂದ ಕುರ್ಚಿ ಹಿಂದಕ್ಕೆ ಎಳೆದುಕೊಂಡರು, ಇನ್ನೂ ಹಿಂದಕ್ಕೆ ಎಳೆದುಕೊಂಡರು, ಕೊನೆಗೆ ಎದ್ದೇ ಹೋದರು. ಹಣೆಯ ಬೆವರು ಒರೆಸುತ್ತ ಒಬ್ಬ ಹೆಂಗಸು ಕಂಬಳಿ ಎತ್ತಿ ಹಿಡಿದು ಕೇಳಿದರು: "ಇದನ್ನು ಎಂತ ಮಾಡುವುದು? ಹಾಸಿ ಕೂತ್ಕೊಳ್ಳಲಿಕ್ಕಾ?"

ದೂರದ ಗೋಡೆಗೆ ಒರಗಿ ನನ್ನ ಅಪ್ಪ, ನಮ್ಮ ಮನೆಮಾತಿನಲ್ಲಿ ಬಾಪ, ಎಲ್ಲವನ್ನೂ ನೋಡುತ್ತಿದ್ದರು. ಬಾಪನಿಗೆ ಬಟ್ಟೆ ಅಂಗಡಿ. ಅಣ್ಣನಿಗೆ ದುಬೈಯಲ್ಲಿ ಅಂಗಡಿ. ಜನರನ್ನು ಕೂರಿಸಿ ಸಂಜೆ ಕಳೆಸುವುದೂ ಒಂದು ಕೆಲಸ ಎಂದು ನಮ್ಮ ಮನೆಯಲ್ಲಿ ಯಾರೂ ಒಪ್ಪಿರಲಿಲ್ಲ. ಆ ದಿನ ಊಟಕ್ಕೆ ಕೂತಾಗ ಬಾಪ ಹೆಚ್ಚು ಬೈಯಲಿಲ್ಲ. "ಇನ್ನೊಂದು ಭಾನುವಾರ ಉಂಟಲ್ಲ, ನೋಡು. ಅದೂ ಹೀಗೇ ಆದ್ರೆ ಅಣ್ಣನಲ್ಲಿಗೆ ಹೋಗು. ವೀಸಾ ಅವನು ನೋಡ್ತಾನೆ" ಎಂದರು.

ನನಗೆ ಹೋಗುವ ಮನಸ್ಸಿರಲಿಲ್ಲ. ಅಣ್ಣನ ಅಂಗಡಿ ಒಳ್ಳೆಯದೇ, ಅಣ್ಣನೂ ಒಳ್ಳೆಯವನೇ. ಆದರೆ ಈ ಕೆಲಸ ನನಗೆ ಇಷ್ಟವಾಗಿತ್ತು, ಅದು ಕೈತಪ್ಪುತ್ತದೆ ಎಂಬ ಭಯಕ್ಕೆ ಆ ವಾರ ಸರಿಯಾಗಿ ನಿದ್ದೆ ಬರಲಿಲ್ಲ.

ಎರಡನೆಯ ಭಾನುವಾರ ಬೆಂಕಿ ಇಲ್ಲ, ಕಂಬಳಿಯನ್ನೆಲ್ಲ ವಾಪಸು ಕಳಿಸಿಯಾಗಿತ್ತು. ತಗ್ಗಿನ ವೇದಿಕೆ, ಸಾಲಾಗಿ ಕುರ್ಚಿ, ಹಾಡುವವರು ಇಬ್ಬರು. ಸಂಜೆ ನಾಲ್ಕೂವರೆಗೆ ಕುರ್ಚಿ ಜೋಡಿಸುತ್ತಿದ್ದಾಗ ಕೈರಂಪಣಿಯ ಯಜಮಾನರು ಬಂದರು. ಕೈರಂಪಣಿ ಎಂದರೆ ದೋಣಿಯಲ್ಲಿ ಹೋಗಿ ಕಡಲಲ್ಲಿ ಸುತ್ತು ಹಾಕಿ ಬಿಟ್ಟು, ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ. ಅವರು ಕುರ್ಚಿಗಳನ್ನು ನೋಡಿದರು, ನನ್ನನ್ನು ನೋಡಿದರು.

"ಇದು ನಾವು ಹಗ್ಗ ಎಳೆಯುವ ಜಾಗ ಅಲ್ವಾ ಮಾರಾಯ. ಬಲೆ ಆಗಲೇ ನೀರಲ್ಲಿ ಉಂಟು."

ಉಳ್ಳಾಲದಲ್ಲೇ ಬೆಳೆದವನು ನಾನು. ನಾಚಿಕೆಯಿಂದ ನೆಲ ನೋಡಿದೆ. ಆದರೂ ಕೇಳಿಯೇಬಿಟ್ಟೆ: "ಒಂದೆರಡು ಗಂಟೆ ತಡ ಮಾಡ್ಲಿಕ್ಕೆ ಆಗ್ತದಾ ಅಣ್ಣ?"

"ನಾನು ಕಾಯ್ತೇನೆ. ಮೀನು ಕಾಯ್ತದಾ?"

ಕುರ್ಚಿಗಳನ್ನೆಲ್ಲ ಬದಿಗೆ ರಾಶಿ ಹಾಕಿದೆವು. ಐದೂವರೆಗೆ ಜನ ಬರತೊಡಗಿದಾಗ ಕೂರಲು ಜಾಗವಿರಲಿಲ್ಲ, ನಟ್ಟನಡುವೆ ಬಲೆಯ ಎರಡು ಹಗ್ಗಗಳಿದ್ದವು. ಎಳೆಯುವವರು ಆ ದಿನ ಕಡಿಮೆ ಇದ್ದರು. ಹಗ್ಗ ಹಿಡಿದವರು ಯಾರೇ ಆಗಿರಲಿ ಮೀನಿನಲ್ಲಿ ಪಾಲುಂಟು ಎನ್ನುವುದು ಇಲ್ಲಿಯ ಹಳೆಯ ಕ್ರಮ. ಯಜಮಾನರು ಅದನ್ನು ಒಮ್ಮೆ ಗಟ್ಟಿಯಾಗಿ ಹೇಳಿದರು, ಅಷ್ಟೇ. ಕಾಟಿಪಳ್ಳದಿಂದ ಬಸ್ಸು ಹತ್ತಿ ಬಂದ ಸಂಸಾರ, ಕಾಲೇಜಿನ ಹುಡುಗಿಯರು, ಬ್ಯಾಂಕಿನವರು, ಎಲ್ಲರೂ ಚಪ್ಪಲಿ ಕಳಚಿಟ್ಟು ಹಗ್ಗಕ್ಕೆ ಬಂದರು. ಹಾಡುವವರು ಮೈಕ್ ಬಿಟ್ಟು ಬಂದು "ಐಸಾ" ಹೇಳಿಕೊಟ್ಟರು.

ನಾನು ಗೋಡೆಯ ಕಡೆ ನೋಡಿದೆ. ಆ ದಿನವೂ ಅಲ್ಲೇ ಬಂದು ನಿಂತಿದ್ದ ಬಾಪ ಈಗ ಇರಲಿಲ್ಲ. ಬೇಸರಗೊಂಡು ಮನೆಗೆ ಹೋದರು, ನನ್ನ ಕತೆ ಮುಗಿಯಿತು ಎಂದುಕೊಂಡೆ. ಆಮೇಲೆ ಕಂಡರು. ವಾಚು ಬಿಚ್ಚಿ ಕಿಸೆಗೆ ಹಾಕಿ, ಬಿಳಿ ಲುಂಗಿ ಮೇಲೆತ್ತಿ ಕಟ್ಟಿ, ಮೀನು ಮಾರುವ ಹೆಂಗಸರಿಬ್ಬರ ಮಧ್ಯೆ ನಿಂತು ಎಳೆಯುತ್ತಿದ್ದರು. ಬಾಪ ಓಡಿದ್ದನ್ನಾಗಲಿ, ಕೂಗಿದ್ದನ್ನಾಗಲಿ ನಾನು ಅದುವರೆಗೆ ನೋಡಿರಲಿಲ್ಲ. ಅಂದು ಎರಡನ್ನೂ ಮಾಡಿದರು.

ಬಲೆಯಲ್ಲಿ ಬೂತಾಯಿ ಇತ್ತು, ನಾಲ್ಕಾರು ಬಂಗುಡೆಯೂ ಇತ್ತು. ಎಲ್ಲರಿಗೂ ಒಂದೊಂದು ಬೊಗಸೆ. ಚೀಲ ತಂದವರು ಯಾರೂ ಇಲ್ಲದ್ದರಿಂದ ನಾನು ಚಂದ ಮಾಡಿ ಅಚ್ಚು ಹಾಕಿಸಿದ್ದ ಆಮಂತ್ರಣ ಪತ್ರಗಳೆಲ್ಲ ಮೀನು ಕಟ್ಟಲಿಕ್ಕೆ ಹೋದವು. ಬಲೆ ಎಳೆಯಲು ನೀರಿಗಿಳಿದು ಸೊಂಟದವರೆಗೆ ಒದ್ದೆಯಾದ ಜನ ಮರಳಿನಲ್ಲೇ ಕೂತು ಹಾಡು ಕೇಳಿದರು, ಒಬ್ಬರೂ ಏಳಲಿಲ್ಲ. ಗಾಳಿಗೆ ಒದ್ದೆ ಬಟ್ಟೆ ತಣ್ಣಗಾಗಿ ಎಲ್ಲರೂ ನಡುಗುತ್ತಿದ್ದರು. ಕಳೆದ ವಾರದ ಅದೇ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದರು. "ಆ ಕಂಬಳಿ ಇವತ್ತು ಇಲ್ವಾ?"

ಮನೆಯಲ್ಲಿ ಉಮ್ಮ ಬೂತಾಯಿ ಹುರಿಯುತ್ತಿದ್ದಾಗ ಅಣ್ಣನ ಫೋನ್ ಬಂತು. ವೀಸಾದ ವಿಷಯ ಎಂದು ನನಗೆ ಗೊತ್ತಿತ್ತು. ಬಾಪ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡರು. ಎರಡೂ ಅಂಗೈ ಹಗ್ಗ ಉಜ್ಜಿ ಕೆಂಪಾಗಿದ್ದವು, ಅವಕ್ಕೆ ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತಲೇ ಮಾತಾಡಿದರು.

"ಅವನು ಬರುವುದಿಲ್ಲ. ಅವನಿಗೆ ಇಲ್ಲಿ ಕೆಲಸ ಉಂಟು."