ಜಹೀರುದ್ದೀನ ಮಾಸ್ತರರ ಎರಡು ಮಾತಿನ ಗೌಡ

ಮೂವತ್ತೈದು ವರ್ಷಗಳಲ್ಲಿ ಅಣ್ಣಿಗೇರಿಯ ನಾಟಕ ಸಂಘದಲ್ಲಿ ನಾಯಕರು ಬದಲಾದರು, ಪರದೆಗಳು ಹರಿದು ಹೊಸವಾದವು, ಅಧ್ಯಕ್ಷರಿಬ್ಬರು ಜಗಳಾಡಿ ಬೇರೆ ಸಂಘ ಕಟ್ಟಿ ತಿರುಗಿ ಇಲ್ಲಿಗೇ ಬಂದರು. ಬದಲಾಗದೆ ಉಳಿದವರು ನಿರ್ದೇಶಕ ಜಹೀರುದ್ದೀನ ಮಾಸ್ತರರೊಬ್ಬರೇ.

ಹೊಟ್ಟೆಪಾಡಿಗೆ ಅವರದು ಬಜಾರದಲ್ಲಿ ಹೊಲಿಗೆ ಅಂಗಡಿ. ಸಂಘಕ್ಕೆಂದು ಮೊದಲ ವರ್ಷವೇ ಜರಿಯಂಚಿನ ಕೋಟೊಂದನ್ನು ಹೊಲಿದಿದ್ದರು. ಅದು ಯಾರ ಮೈಗೆ ಸರಿಹೊಂದುತ್ತದೋ ಅವನೇ ಗೌಡನ ಪಾತ್ರಧಾರಿ. ನಟನೆ ಆಮೇಲಿನ ಮಾತು.

ಒಮ್ಮೆ ಗದಗಿನಿಂದ ಬರಬೇಕಾದ ನಟಿ ಬರಲಿಲ್ಲ. ಸಂಘದ ಹುಡುಗ ಈರಪ್ಪನಿಗೆ ಸೀರೆ ಉಡಿಸಿದರು. ಅವನು ಮೀಸೆ ಬೋಳಿಸಲು ಸುತರಾಂ ಒಪ್ಪಲಿಲ್ಲ.

“ಮುಂದಿನ ವಾರ ಹೆಣ್ಣು ನೋಡಾಕ ಹೊಂಟೇನ್ರಿ ಮಾಸ್ತರ, ಮೀಸಿ ಇಲ್ದ ಹೆಂಗ ಹೋಗ್ಲಿ?”

ಮಾಸ್ತರರು ನಾಯಕಿಯನ್ನು ಮಹಾ ನಾಚಿಕೆಯವಳನ್ನಾಗಿ ಮಾಡಿಬಿಟ್ಟರು. ಮೂರೂ ಅಂಕ ಈರಪ್ಪ ಮುಖದ ತುಂಬ ಸೆರಗೆಳೆದುಕೊಂಡೇ ಅತ್ತ. ಎಷ್ಟು ಮರ್ಯಾದಸ್ಥ ಹುಡುಗಿ ಎಂದು ಹೆಂಗಸರೆಲ್ಲ ಮೆಚ್ಚಿದರು.

ಇಷ್ಟೆಲ್ಲ ಮಾಡಿಯೂ ಮಾಸ್ತರರು ತಾವು ಮಾತ್ರ ರಂಗದ ಮೇಲೆ ಕಾಲಿಡುತ್ತಿರಲಿಲ್ಲ. ಹರೆಯದಲ್ಲಿ ಒಂದೇ ಒಂದು ಸಲ ಆಳಿನ ಪಾತ್ರ ಮಾಡಿದ್ದರು. “ಚಾ ತಂದೀನ್ರಿ ಗೌಡ್ರ” ಎನ್ನುವುದಷ್ಟೇ ಮಾತು. ಜನರನ್ನು ಕಂಡು ಬಾಯಿ ಕಟ್ಟಿ, ಆ ಚಹಾವನ್ನು ತಾವೇ ಕುಡಿದು ಒಳಗೋಡಿದ್ದರು. ಅಂದಿನಿಂದ ಪರದೆಯ ಬಾಜು ನಿಂತು, ನಟರಿಗೆ ಪ್ರತಿ ಮಾತನ್ನೂ ಮೊದಲೇ ಎತ್ತಿಕೊಡುವುದೇ ಅವರ ಕೆಲಸವಾಯಿತು. ಮೈಕಿಲ್ಲದ ಕಾಲದಲ್ಲಿ ಪಳಗಿದ ಕಂಠ. ಮುಂದಿನ ಸಾಲಿನವರಿಗೆ ಪ್ರತಿ ಮಾತೂ ಎರಡು ಸಲ ಕೇಳಿಸುತ್ತಿತ್ತು. ಕೆಲವರು ಮಾಸ್ತರರ ಮಾತಿಗೇ ಅತ್ತು ಮುಗಿಸಿ, ನಟನ ಸರದಿ ಬಂದಾಗ ಕಣ್ಣೊರೆಸಿಕೊಳ್ಳುತ್ತಿದ್ದರು.

ಹೋದ ವರ್ಷ ಕಲಘಟಗಿಯಲ್ಲಿ ನಾಟಕ ಸ್ಪರ್ಧೆ. ಇವರ ಸರದಿ ಮಧ್ಯಾಹ್ನ ಮೂರಕ್ಕೆ. ವಿಧವೆಯ ಹೊಲ ಕಸಿಯುವ ಗೌಡನಾಗಬೇಕಿದ್ದ ಕಾಶಿನಾಥ ಕಾಳಿನ ವ್ಯಾಪಾರಿ. ಬಸ್ಸಿನಲ್ಲಿ ದಾರಿಯುದ್ದಕ್ಕೂ ತುಟಿ ಬಿಚ್ಚದೆ ಕೂತಿದ್ದ. ಪಾತ್ರದೊಳಗೆ ಮುಳುಗಿದ್ದಾನೆಂದು ಮಾಸ್ತರರು ಹಿಗ್ಗಿದ್ದರು. ಬಣ್ಣ ಹಚ್ಚುವಾಗ ಅವನು ಬಾಯಿ ತೆರೆದರೆ ಹೊರಟಿದ್ದು ಬರೀ ಗಾಳಿ.

“ನಿನ್ನೆ ಕಡ್ಲಿ ಹರಾಜು ಕೂಗಿ ಕೂಗಿ…” ಎಂದು ಪಿಸುಗುಟ್ಟಿ ಗಂಟಲು ಮುಟ್ಟಿ ತೋರಿಸಿದ.

ಕೋಟನ್ನು ನಾಲ್ಕು ಜನರಿಗೆ ತೊಡಿಸಿ ನೋಡಿದರು. ಒಬ್ಬನಿಗೆ ತೋಳು ಉದ್ದ, ಒಬ್ಬನಿಗೆ ಗುಂಡಿ ಬೀಳದು. ಕೊನೆಗೆ ವಿಧವೆ ಪಾರವ್ವನ ಪಾತ್ರದ ರೋಹಿಣಿ ಅಂದಳು: “ನೀವ ಹಾಕ್ಕೋರಿ ಮಾಸ್ತರ. ಇಡೀ ನಾಟಕ ನಿಮಗ ಬಾಯಿಪಾಠ ಐತಿ.”

ಹೌದು, ಇಡೀ ನಾಟಕ ಬಾಯಿಪಾಠವಿತ್ತು. ತೊಡಕಾದದ್ದೂ ಅದೇ.

ಮಾಸ್ತರರು ಕೋಟು ತೊಟ್ಟು ರಂಗಕ್ಕೆ ಬಂದು ಗುಡುಗಿದರು: “ಏ ಪಾರವ್ವ, ಈ ಹೊಲ ನಂದು!”

ಜನ ಬೆಚ್ಚಿದರು. ಮಾಸ್ತರರಿಗೆ ಧೈರ್ಯ ಬಂತು. ಆದರೆ ಮೂವತ್ತೈದು ವರ್ಷದ ರೂಢಿ ಬಿಟ್ಟೀತೆ? ಮುಖ ಪಕ್ಕಕ್ಕೆ ತಿರುಗಿಸಿ, ದನಿ ಇಳಿಸಿ, ರೋಹಿಣಿಯ ಮಾತನ್ನೂ ಹೇಳಿಬಿಟ್ಟರು: “ಇದು ನನ್ನ ಗಂಡನ ಬೆವರಿನ ಹೊಲ ಐತ್ರಿ ಗೌಡ್ರ!” ಮತ್ತೆ ಇತ್ತ ತಿರುಗಿ, “ಕಾಗದಪತ್ರ ತೋರಿಸು!” ಮತ್ತೆ ಅತ್ತ ತಿರುಗಿ, “ಕಾಗದ ನೀವ ಕಸಗೊಂಡೀರಿ!”

ರೋಹಿಣಿಯ ಮಾತೆಲ್ಲ ಮಾಸ್ತರರೇ ಆಡಿ ಮುಗಿಸಿದ್ದರು. ಪರದೆಯ ಬಾಜು ಕಾಶಿನಾಥ ದನಿಯಿಲ್ಲದೆ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದ. ಆದರೆ ಅವಳು ಹನ್ನೆರಡು ವರ್ಷ ಊರೂರು ತಿರುಗಿ ಬಣ್ಣ ಹಚ್ಚಿದವಳು. ಸೆರಗು ಬಿಗಿದು ಮುಂದೆ ಬಂದಳು.

“ಕೇಳಿದ್ರಿಲ್ರಿ ಮಂದಿ? ಕಾಗದ ಕಸಗೊಂಡೀನಿ ಅಂತ ಗೌಡ್ರ ಬಾಯಿಲೇ ಬಂತು! ಇನ್ನೇನು ಉಳೀತ್ರಿ ಗೌಡ್ರ?”

ಶಿಳ್ಳೆಗಳು ಬಿದ್ದವು. ಮಾಸ್ತರರು ಕಕ್ಕಾಬಿಕ್ಕಿಯಾದರು. ಅವರಿಗೆ ಗೊತ್ತಿದ್ದ ಯಾವ ಅಂಕದಲ್ಲೂ ಇದಕ್ಕೆ ಉತ್ತರವಿರಲಿಲ್ಲ.

“ಏನೂ ಉಳೀಲಿಲ್ಲ ತಗೋ ತಂಗಿ. ಹೊಲ ನಿಂದ” ಎಂದುಬಿಟ್ಟರು.

ಎರಡೂವರೆ ತಾಸಿನ ನಾಟಕ ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಮೂರನೆಯ ಅಂಕದಲ್ಲಿ ಬರಬೇಕಿದ್ದ ಫೌಜುದಾರ ಪೊಲೀಸ್ ಟೊಪ್ಪಿಗೆ ಹಿಡಿದುಕೊಂಡು ಒಳಗೇ ಕೂತಿದ್ದ.

ಸಂಜೆ ಬಹುಮಾನ ಹೇಳುವಾಗ ಮಾಸ್ತರರು ಕೊನೆಯ ಸಾಲಿನಲ್ಲಿ ಕೂತು ಊರ ಬಸ್ಸಿಗೆ ಕಾಯುತ್ತಿದ್ದರು. ಅಷ್ಟರಲ್ಲಿ ಅವರ ಹೆಸರು ಕೂಗಿದರು. ಉತ್ತಮ ನಿರ್ದೇಶನ! ಗೌಡನ ಒಳಮನಸ್ಸೇ ವಿಧವೆಯ ದನಿಯಾಗಿ ಮಾತಾಡುವುದು ಅಪೂರ್ವ ಕಲ್ಪನೆಯೆಂದು ತೀರ್ಪುಗಾರರು ಹೊಗಳಿದರು.

ಮಾಸ್ತರರು ಕೈಮುಗಿದು ನಿಜ ಹೇಳಿದರು: “ಅದು ಕಲ್ಪನಾ ಅಲ್ರೀ ಸಾಹೇಬ್ರ, ಚಟ.”

“ಎಷ್ಟು ವಿನಯ!” ಎಂದು ತೀರ್ಪುಗಾರರು ಅಪ್ಪಿಕೊಂಡರು. ಮಾಸ್ತರರ ಕಣ್ಣುಗಳು ಒದ್ದೆಯಾದವು. ಮೂವತ್ತೈದು ವರ್ಷದಲ್ಲಿ ಅವರ ನಿರ್ದೇಶನಕ್ಕೆ ಬಂದ ಮೊದಲ ಬಹುಮಾನ ಅದು.

ತಿಂಗಳೊಳಗೆ ದುಮ್ಮವಾಡದ ಸಂಘದವರು ತಮ್ಮ ನಾಟಕದ ತಾಲೀಮು ನೋಡಲು ಮಾಸ್ತರರನ್ನು ಕರೆಸಿದರು. ಹೋಗಿ ನೋಡಿದರೆ ಅಲ್ಲಿಯ ಗೌಡನೂ ಬಹುಮಾನದ ಆಸೆಗೆ ಎಲ್ಲರ ಮಾತನ್ನೂ ಒಬ್ಬನೇ ಆಡುತ್ತಿದ್ದ. ತನಗೆ ಆಡಲು ಒಂದು ಮಾತೂ ಉಳಿದಿಲ್ಲವೆಂದು ಅಲ್ಲಿಯ ನಾಯಕಿ ಸಿಟ್ಟಾಗಿ ತಾಲೀಮು ಬಿಟ್ಟು ಹೋಗಿದ್ದಳು. ಮಾಸ್ತರರು ಗೌಡನ ಕೈಯಿಂದ ಪುಸ್ತಕ ಕಸಿದುಕೊಂಡು, ಆಕೆಯನ್ನು ಕರೆತರಲು ತಾವೇ ಎದ್ದು ಹೊರಟರು.